ಮುಖ್ಯವೂ ಪ್ರತಿನಿಧಿಯೂ: ಕ್ರಿಸ್ಟಿ ಬ್ರೌನನ ‘ನನ್ನ ಎಡಗಾಲು’ ಎಂಬ ಆತ್ಮಚರಿತ್ರೆಯ ವಿಮರ್ಶೆ

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1932ರಲ್ಲಿ ಹುಟ್ಟಿ 1981ರಲ್ಲಿ ಕಾಲವಾದ ಕ್ರಿಸ್ಟಿ ಬ್ರೌನನ ‘ಮೈ ಲೆಫ್ಟ್ ಫುಟ್’, ಎಂದರೆ ‘ನನ್ನ ಎಡಗಾಲು’, ಎಂಬ ಆತ್ಮಚರಿತ್ರೆಯು 1954ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದಲೇ ಕೈಗಳೆರಡೂ ವಶದಲ್ಲಿಲ್ಲದೆ, ಮಾತೂ ತಿಳಿಯಾಗದೆ, ಎಡಗಾಲೊಂದೇ ಸ್ವಾಧೀನವಾಗಿದ್ದ ತರುಣನೊಬ್ಬನು ಆ ಕಾಲಿನಿಂದ ಬರೆಯಲೂ ಚಿತ್ರಿಸಲೂ ಕಲಿತ ವೃತ್ತಾಂತವೇ ಅದರ ವಸ್ತು. 1989ರಲ್ಲಿ ಜಿಮ್ ಶೆರಿಡನ್ ಅವರು ಇದನ್ನು ಚಲಚ್ಚಿತ್ರವಾಗಿಸಿದಾಗ ಬ್ರೌನನ ಪಾತ್ರವನ್ನು ವಹಿಸಿದ ಡೇನಿಯಲ್ ಡೇ-ಲೂಯಿಸ್ ಅವರಿಗೂ ತಾಯಿಯ ಪಾತ್ರವನ್ನು ವಹಿಸಿದ ಬ್ರೆಂಡಾ ಫ್ರಿಕರ್ ಅವರಿಗೂ ಆಸ್ಕರ್ ಪ್ರಶಸ್ತಿಗಳು ಬಂದುವು. ಗ್ರಂಥದ ಕೀರ್ತಿಯು ಇಮ್ಮಡಿಯಾಯಿತು. ಆದರೆ ಪ್ರಸಿದ್ಧಿಯೇ ಕೆಲವೊಮ್ಮೆ ಅರ್ಥಕ್ಕೆ ಆವರಣವಾಗುವುದುಂಟು. ಕಷ್ಟವನ್ನು ಗೆದ್ದವನೊಬ್ಬನ ಕಥೆಯೆಂದು ಒಂದೇ ಮಾತಿನಲ್ಲಿ ಈ ಗ್ರಂಥವನ್ನು ಹೊಗಳಿ ಮುಗಿಸಿಬಿಡುವ ವಾಡಿಕೆಯಿಂದ ಅದರ ನಡುವಿನ ಪ್ರಕರಣಗಳಲ್ಲಿರುವ ಕಠಿಣವಾದೊಂದು ವಿವಾದವು ಮರೆಯಾಗಿ ಹೋಗಿದೆ. ಕೈಗಳೂ ಮಾತೂ ಸರಿಹೋಗಬೇಕಾದರೆ ಎಡಗಾಲಿನ ಬಳಕೆಯನ್ನು ಬಿಟ್ಟುಬಿಡಬೇಕೆಂದು ಚಿಕಿತ್ಸಕರು ವಿಧಿಸಿದರು. ಗ್ರಂಥಕರ್ತನು ಅದನ್ನು ಅಂಗೀಕರಿಸಿದನು. ಕಡೆಗೆ ಅದನ್ನು ಮೀರಿದನು. ಈ ವಿಧಿಯ ಯುಕ್ತಾಯುಕ್ತವಿಚಾರವೇ ಗ್ರಂಥದ ಹೃದಯವೆಂಬುದನ್ನೂ, ಆ ವಿಚಾರವು ಇಂದಿಗೂ ಮುಗಿದಿಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಇದಕ್ಕೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ವಿಲಿಯಂ ಜಾನ್ ಲಿಟ್ಲ್ ಎಂಬ ಲಂಡನ್ನಿನ ಶಸ್ತ್ರವೈದ್ಯನು 1843ರಲ್ಲಿ ಕೊಟ್ಟ ಉಪನ್ಯಾಸಗಳಿಂದಲೂ 1861ರಲ್ಲಿ ಬರೆದ ಪ್ರಬಂಧದಿಂದಲೂ ವೈದ್ಯಲೋಕವು ಇದನ್ನು ಪ್ರತ್ಯೇಕವಾಗಿ ಗುರುತಿಸತೊಡಗಿತು. ಆದಕಾರಣ ಬಹುಕಾಲ ಇದು ಲಿಟ್ಲನ ವ್ಯಾಧಿಯೆಂದೇ ಕರೆಯಲ್ಪಡುತ್ತಿದ್ದಿತು. ಗರ್ಭದಲ್ಲಾಗಲಿ ಪ್ರಸವಕಾಲದಲ್ಲಾಗಲಿ ಶೈಶವದಲ್ಲಾಗಲಿ ಬೆಳೆಯುತ್ತಿರುವ ಮಿದುಳಿಗೆ ಒದಗಿದ ಆಘಾತವೇ ಇದಕ್ಕೆ ಕಾರಣ. ಆ ಆಘಾತವು ಮುಂದೆ ಹೆಚ್ಚುವುದಿಲ್ಲ. ಆದರೆ ಅಂಗಗಳ ಚಲನೆಯೂ ನಿಲುವೂ ಜೀವಮಾನಪರ್ಯಂತ ವಿಕೃತವಾಗಿರುವುವು. ಬುದ್ಧಿಯು ಅನೇಕರಲ್ಲಿ ಅಕ್ಷತವಾಗಿಯೇ ಇರುವುದು. ಜೀವಂತವಾಗಿ ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 2 ಶಿಶುಗಳಿಗೆ ಇದು ಬರುವುದೆಂದು ಲೆಕ್ಕವಿದೆ. ಸ್ನಾಯುಗಳು ಬಿಗಿದುಕೊಂಡಿರುವುದು ಒಂದು ಬಗೆ. ಇಚ್ಛೆಯಿಲ್ಲದೆಯೇ ಅಂಗಗಳು ಹೊರಳಿ ತಿರುಚಿಕೊಳ್ಳುವುದು ಎರಡನೆಯ ಬಗೆ. ಸಮತೋಲವು ತಪ್ಪಿ ಚಲನೆಯು ತಡವರಿಸುವುದು ಮೂರನೆಯ ಬಗೆ. ಬಿಗಿತವು ಕೆಲವರಲ್ಲಿ ದೇಹದ ಒಂದೇ ಪಾರ್ಶ್ವವನ್ನು ಹಿಡಿಯುವುದು. ಕೆಲವರಲ್ಲಿ ಕಾಲುಗಳನ್ನು, ಕೆಲವರಲ್ಲಿ ನಾಲ್ಕು ಅಂಗಗಳನ್ನೂ ಹಿಡಿಯುವುದು. ಕನ್ನಡದಲ್ಲಿ ಇದನ್ನು ‘ಮಿದುಳಿನ ಪಾರ್ಶ್ವವಾಯು’ ಎಂದು ಕರೆಯುವ ರೂಢಿಯಿದೆ. ಲಕ್ಷಣಶಾಸ್ತ್ರದ ದೃಷ್ಟಿಯಿಂದ ಈ ಹೆಸರಿಗೆ ಅವ್ಯಾಪ್ತಿದೋಷವು ತಪ್ಪದು. ಏಕೆಂದರೆ ಒಂದು ಪಕ್ಕವನ್ನು ಮಾತ್ರ ಹಿಡಿದ ವ್ಯಾಧಿಗೆ ಪಾರ್ಶ್ವಶಬ್ದವು ಸಲ್ಲುವುದೇ ಹೊರತು ಬ್ರೌನನಂತೆ ಎರಡನೆಯ ಬಗೆಗೆ ಸೇರಿ, ಎರಡು ಕೈಗಳನ್ನೂ ನಾಲಗೆಯನ್ನೂ ಒಮ್ಮೆಗೇ ಕಳೆದುಕೊಂಡವನಿಗೆ ಸಲ್ಲುವುದಿಲ್ಲ. ಇದು ಕೇವಲ ಶಬ್ದಚರ್ಚೆಯಲ್ಲ. ಒಂದು ಬಗೆಗೆ ಹಿತವಾದ ಚಿಕಿತ್ಸೆಯನ್ನು ಇನ್ನೊಂದು ಬಗೆಗೆ ಅನ್ವಯಿಸಿದರೆ ಆಗುವ ಹಾನಿಯನ್ನು ಮುಂದೆ ಕಾಣಬಹುದು.

ಬ್ರೌನನ ಗ್ರಂಥದ ಮೊದಲನೆಯ ಪ್ರಕರಣಕ್ಕೆ ‘ಎ’ ಎಂಬ ಅಕ್ಷರದ ಹೆಸರೇ ಇದೆ. ತಂದೆಯು ಇಟ್ಟಿಗೆಗಾರ, ಹೆತ್ತ ಮಕ್ಕಳು 22, ಉಳಿದವರು 13. ಐದು ವರ್ಷದವನಾಗುವವರೆಗೂ ಈ ಬಾಲಕನಲ್ಲಿ ಬುದ್ಧಿಯಿದೆಯೆಂಬುದಕ್ಕೆ ಯಾವ ಪ್ರಮಾಣವೂ ದೊರೆತಿರಲಿಲ್ಲ. ತಾಯಿಯೊಬ್ಬಳು ಮಾತ್ರ ನಂಬಿದ್ದಳು. ಡಿಸೆಂಬರ್ ತಿಂಗಳಿನ ಒಂದು ದಿನ ಸೋದರಿಯು ಹಲಗೆಯ ಮೇಲೆ ಲೆಕ್ಕ ಬರೆಯುತ್ತಿರಲಾಗಿ, ಅವಳ ಕೈಯಲ್ಲಿದ್ದ ಹಳದಿಯ ಬಳಪವನ್ನು ಇವನ ಎಡಗಾಲು ಚಾಚಿ ಹಿಡಿದುಕೊಂಡಿತು. ತಾಯಿಯು ನೆಲದ ಮೇಲೆ ಅಕ್ಷರವನ್ನು ಬರೆದು ತೋರಿಸಿದಳು; ಹಲವು ಸಲ ತಪ್ಪಿದ ಮೇಲೆ ಮಗನು ಅದನ್ನು ತಿದ್ದಿದನು. ಕನ್ನಡ ವಾಚಕರಿಗೆ ಈ ಪ್ರಸಂಗವು ಅಕ್ಷರಾಭ್ಯಾಸವೆಂದೇ ತೋರುವುದು. ಆದರೆ ಇಲ್ಲಿಯ ಸಂಸ್ಕಾರದಲ್ಲಿ ಅಕ್ಕಿಯ ಮೇಲೆ ಓಡುವುದು ಬಲಗೈಯ ಬೆರಳು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ, ಎಡಗಾಲಿನಿಂದ ಸರಸ್ವತಿಯು ಒಳಹೊಕ್ಕ ಈ ವೃತ್ತಾಂತವು ಓದುಗನನ್ನು ಒಂದು ಕ್ಷಣ ತಡೆದು ನಿಲ್ಲಿಸದಿರದು. ಹಾಗೆ ನಿಲ್ಲಿಸುವುದರಿಂದಲೇ ಮುಖ್ಯವಾದ ಪ್ರಶ್ನೆಯೂ ಏಳುವುದು: ಕೈಯೆಂದರೆ ಯಾವುದು? ಭುಜದಿಂದ ಇಳಿಬಿದ್ದಿರುವ ಅವಯವವೋ, ಹಿಡಿಯುವ ಶಕ್ತಿಯೋ?

ಸಾಂಖ್ಯರು ವಾಕ್ಕು, ಪಾಣಿ, ಪಾದ ಮುಂತಾದ ಐದು ಕರ್ಮೇಂದ್ರಿಯಗಳನ್ನು ಎಣಿಸಿ, ಪಾಣಿಗೆ ಆದಾನವನ್ನೂ ಎಂದರೆ ತೆಗೆದುಕೊಳ್ಳುವುದನ್ನೂ, ಪಾದಕ್ಕೆ ವಿಹರಣವನ್ನೂ ವ್ಯಾಪಾರಗಳಾಗಿ ನಿಯಮಿಸಿದರು. ನೈಯಾಯಿಕರು ಕರ್ಮೇಂದ್ರಿಯಗಳನ್ನು ಇಂದ್ರಿಯಗಳೆಂದು ಒಪ್ಪುವುದಿಲ್ಲ. ಬ್ರೌನನ ಎಡಗಾಲು ಈ ಎರಡು ಪಕ್ಷಗಳಿಗೂ ದೃಷ್ಟಾಂತವಾಗಿ ಒದಗಬಲ್ಲುದು. ಆದಾನವು ಕಾಲಿನಿಂದಲೂ ಸಾಧ್ಯವಾದ ಮೇಲೆ ವ್ಯಾಪಾರನಿಯಮವೇ ಇಲ್ಲವೆಂದು ಒಬ್ಬನು ಹೇಳಬಹುದು. ಇಂದ್ರಿಯವು ಶಕ್ತಿರೂಪವಾದುದರಿಂದ ಪಾಣೀಂದ್ರಿಯವೇ ತನ್ನ ನೆಲೆಯು ಕೆಟ್ಟಾಗ ಪಾದದಲ್ಲಿ ಬಂದು ನಿಂತಿತೆಂದು ಇನ್ನೊಬ್ಬನು ಸಮಾಧಾನ ಹೇಳಬಹುದು. ಪ್ರಕೃತಕ್ಕೆ ಬೇಕಾದುದಿಷ್ಟೆ: ಅವಯವವೂ ಅದರ ವ್ಯಾಪಾರವೂ ಬೇರೆ ಬೇರೆ, ಚಿಕಿತ್ಸೆಯು ಇವೆರಡರಲ್ಲಿ ಯಾವುದನ್ನು ಗುರಿಯಾಗಿಟ್ಟುಕೊಳ್ಳುವುದೋ ಅದರಂತೆ ಅದರ ಮಾರ್ಗವೂ ಬದಲಾಗುವುದು.

ಈಗ ವಿವಾದದ ವಿಷಯಕ್ಕೆ ಬರಬಹುದು. ಬ್ರೌನನು ಹದಿಹರೆಯವನ್ನು ದಾಟುತ್ತಿದ್ದಾಗ ರಾಬರ್ಟ್ ಕಾಲಿಸ್ ಎಂಬ ಡಬ್ಲಿನ್ನಿನ ಮಕ್ಕಳ ವೈದ್ಯರು ಅವನ ಮನೆಗೆ ಬಂದು ಹೊಸ ಚಿಕಿತ್ಸಾಕ್ರಮದ ಆಸೆಯನ್ನು ಕೊಟ್ಟರು. ಮನೆಯಲ್ಲಿ ಅಂಗಸಾಧನೆಗೆ ಸ್ಥಳವಿರಲಿಲ್ಲ. ತಾಯಿಯು ಯಾರಿಗೂ ಕಾಯದೆ ಹಿತ್ತಲಿನಲ್ಲಿ ತಾನೇ ಇಟ್ಟಿಗೆಯಿಟ್ಟು ಕೋಣೆಯನ್ನೆಬ್ಬಿಸತೊಡಗಿದಳು. ‘ತಾಯಿ ಕಟ್ಟಿದ ಮನೆ’ ಎಂಬ ಆ ಪ್ರಕರಣವು ಗ್ರಂಥದಲ್ಲೆಲ್ಲ ಅತ್ಯಂತ ನಿರಾಡಂಬರವೂ ಸರಸವೂ ಆದುದು. ಆಮೇಲೆ ಬ್ರೌನನನ್ನು ಪರೀಕ್ಷೆಗಾಗಿ ಲಂಡನ್ನಿಗೆ ಕರೆದೊಯ್ದರು. ಅಲ್ಲಿ ಈ ವ್ಯಾಧಿಯ ಚಿಕಿತ್ಸೆಯಲ್ಲಿ ಹೆಸರಾದ ಐರೀನ್ ಕಾಲಿಸ್ ಅವರು ಅವನನ್ನು ನೋಡಿ, ಗುಣಹೊಂದುವ ಸಂಭವವುಂಟೆಂದೂ, ಆದರೆ ಅದಕ್ಕಾಗಿ ದೊಡ್ಡದೊಂದು ತ್ಯಾಗವನ್ನು ಮಾಡಬೇಕೆಂದೂ, ಎಡಗಾಲನ್ನು ಇನ್ನೆಂದಿಗೂ ಬಳಸಕೂಡದೆಂದೂ ತಿಳಿಸಿದರು. ಎಡಗಾಲಿನಿಂದ ಕೆಲಸ ಮಾಡುವಾಗ ಉಳಿದ ದೇಹವೆಲ್ಲ ಬಿಗಿದು ದಣಿಯುವುದು. ಅದು ನಡೆಯುವವರೆಗೆ ಇತರ ಸ್ನಾಯುಗಳು ಸಡಿಲಗೊಂಡು ಕಲಿಯುವುದಕ್ಕೆ ಆಸ್ಪದವಿರದು ಎಂಬುದೇ ಅವರು ಕೊಟ್ಟ ಹೇತು. ಬ್ರೌನನು ಒಪ್ಪಿದನು. ಬರೆಹ ನಿಂತಿತು; ಚಿತ್ರವೂ ನಿಂತಿತು.

ಇಲ್ಲಿ ಸಂಶಯವು ಹೀಗೆ: ಈ ವಿಧಿಯು ಯುಕ್ತವೋ ಅಯುಕ್ತವೋ? ಯುಕ್ತವಾದರೆ ಮುಂದೆ ಅದನ್ನು ಮೀರಿದುದು ಗ್ರಂಥಕರ್ತನ ದೌರ್ಬಲ್ಯವಾಗುವುದು. ಅಯುಕ್ತವಾದರೆ ಅವನು ಕೃತಜ್ಞತೆಯಿಂದ ಬಣ್ಣಿಸುವ ಚಿಕಿತ್ಸಾವೃತ್ತಾಂತವೆಲ್ಲ ವ್ಯರ್ಥಶ್ರಮದ ಕಥೆಯಾಗುವುದು.

ವಿಧಿಯು ಯುಕ್ತವೆನ್ನುವವರ ಪಕ್ಷವು ದುರ್ಬಲವಲ್ಲ. ಅಭ್ಯಾಸವು ಇರುವ ಶಕ್ತಿಯನ್ನು ಬೆಳೆಸುವಂತೆಯೇ ಅನಭ್ಯಾಸವು ಇರುವ ಶಕ್ತಿಯನ್ನೂ ಮರೆಸುವುದು. ಸುಲಭವಾದ ಉಪಾಯವೊಂದು ದೊರೆತವನು ಕಠಿಣವಾದುದನ್ನು ಅರಸುವುದಿಲ್ಲ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕೋತಿಗಳಲ್ಲಿ ನಡೆಸಿದ ಪರೀಕ್ಷೆಗಳಿಂದ ಇದಕ್ಕೆ ಬಲವಾದ ಆಧಾರವು ದೊರೆಯಿತು. ಒಂದು ತೋಳಿನ ಸ್ಪರ್ಶನರಗಳನ್ನು ಕತ್ತರಿಸಿದರೆ ಕೋತಿಯು ಆ ತೋಳನ್ನು ಉಪಯೋಗಿಸುವುದನ್ನೇ ಬಿಟ್ಟುಬಿಡುತ್ತಿದ್ದಿತು. ಆದರೆ ಚೆನ್ನಾಗಿರುವ ತೋಳನ್ನು ಕೆಲವು ದಿನ ಕಟ್ಟಿಹಾಕಿದರೆ ಬಿಟ್ಟ ತೋಳನ್ನೇ ಮತ್ತೆ ಬಳಸುತ್ತಿದ್ದಿತು. ಶಕ್ತಿಯು ನಷ್ಟವಾಗಿರಲಿಲ್ಲ, ಬಳಸದಿರುವುದನ್ನೇ ಅದು ಕಲಿತುಕೊಂಡಿತ್ತು ಎಂದು ಅವರು ನಿರ್ಣಯಿಸಿದರು. ಇದೇ ತತ್ತ್ವವನ್ನು ಮೊದಲು ಪಾರ್ಶ್ವವಾಯುಪೀಡಿತರಿಗೂ, ಅನಂತರ ಈ ವ್ಯಾಧಿಯಿಂದ ಒಂದು ಕೈಯು ಕುಂದಿದ ಮಕ್ಕಳಿಗೂ ಅನ್ವಯಿಸಲಾಯಿತು. ಬಲವಾದ ಕೈಗೆ ಚೀಲವನ್ನೋ ಪಟ್ಟಿಯನ್ನೋ ತೊಡಿಸಿ ತಡೆದು, ಕುಂದಿದ ಕೈಯಿಂದಲೇ ದಿನಕ್ಕೆ ಕೆಲವು ಗಂಟೆಗಳಂತೆ ವಾರಗಟ್ಟಲೆ ಆಟವನ್ನೂ ಊಟವನ್ನೂ ಮಾಡಿಸುವುದು ಅದರ ಕ್ರಮ. ಇದರಿಂದ ಹಿಡಿತವೂ ಚಾಚುವಿಕೆಯೂ ಹೆಚ್ಚುವುದೆಂದು ಅನೇಕ ಪರೀಕ್ಷೆಗಳು ತೋರಿಸಿವೆ. ಹೀಗಿರಲಾಗಿ, ಇರುವ ಶಕ್ತಿಯನ್ನು ತಡೆದು ಇಲ್ಲದ ಶಕ್ತಿಯನ್ನು ಎಬ್ಬಿಸುವುದು ನ್ಯಾಯವೇ ಆಗಿದೆ ಎಂಬುದು ಈ ಪಕ್ಷ.

ಅಯುಕ್ತವೆನ್ನುವವರು ಫಲವನ್ನೇ ಪ್ರಮಾಣವಾಗಿ ತೋರಿಸುವರು. ಬ್ರೌನನ ಕೈಗಳು ಕಡೆಯವರೆಗೂ ಲೇಖನಿಯನ್ನು ಹಿಡಿಯಲಿಲ್ಲ. ಅವನ ಹೆಸರನ್ನು ನಿಲ್ಲಿಸಿದುದು ಎಡಗಾಲೇ. 1970ರಲ್ಲಿ ಹೊರಬಂದ ‘ಡೌನ್ ಆಲ್ ದಿ ಡೇಸ್’ ಎಂಬ ಕಾದಂಬರಿಯೂ ಆ ಕಾಲಿನಿಂದಲೇ ಟೈಪು ಮಾಡಲ್ಪಟ್ಟುದು. ಆದಕಾರಣ ಲಂಡನ್ನಿನ ವಿಧಿಯು ಒಬ್ಬ ಲೇಖಕನ ಅಮೂಲ್ಯವಾದ ಕಾಲವನ್ನು ಹಾಳುಮಾಡಿತು ಎನ್ನುವುದು ಇವರ ಮತ.

ಈ ಎರಡು ಪಕ್ಷಗಳಲ್ಲಿಯೂ ಒಂದೊಂದು ಲೋಪವಿದೆ. ಮೊದಲನೆಯವರು ಅಧಿಕಾರಿಭೇದವನ್ನು ಮರೆತರು. ಕೈಯನ್ನು ಕಟ್ಟುವ ಚಿಕಿತ್ಸೆಯು ಒಂದು ಕೈಯು ಬಲವಾಗಿದ್ದು ಇನ್ನೊಂದು ಕುಂದಿರುವವನಿಗೆ ವಿಧಿಸಲ್ಪಟ್ಟುದು. ಅದರಲ್ಲಿ ತಡೆಯು ಗಂಟೆಗಳ ಮತ್ತು ವಾರಗಳ ಮಿತಿಗೆ ಒಳಪಟ್ಟುದು. ಮಿತಿಯು ಮುಗಿದೊಡನೆ ಮಗುವಿಗೆ ಎರಡು ಕೈಗಳೂ ಹಿಂದಿರುಗಿ ಬರುವುವು. ಬ್ರೌನನಿಗೆ ಕುಂದಿದ್ದುದು ಒಂದು ಪಾರ್ಶ್ವವಲ್ಲ, ಉಳಿದಿದ್ದುದು ಒಂದೇ ಅಂಗ, ನಿಷೇಧವೋ ಯಾವಜ್ಜೀವವಾದುದು. ಎರಡರಲ್ಲೊಂದನ್ನು ಕಟ್ಟುವುದಕ್ಕೂ ಇದ್ದ ಒಂದನ್ನೇ ಕಟ್ಟುವುದಕ್ಕೂ ಭೂಮ್ಯಾಕಾಶಗಳ ಅಂತರವಿದೆ. ಎರಡನೆಯವರು ಗ್ರಂಥವನ್ನೇ ಮರೆತರು. ಚಿಕಿತ್ಸೆಯಿಂದ ದೇಹದ ಬಿಗುಪು ಇಳಿದುದನ್ನೂ, ಮಾತು ಸ್ವಲ್ಪ ತಿಳಿಯಾದುದನ್ನೂ, ಎಲ್ಲಕ್ಕಿಂತ ಮಿಗಿಲಾಗಿ ತನ್ನಂತಹ ಇತರರನ್ನು ಚಿಕಿತ್ಸಾಲಯದಲ್ಲಿ ಕಂಡು ತಾನೊಬ್ಬನೇ ಎಂಬ ಭಾವವು ಕಳೆದುದನ್ನೂ ಬ್ರೌನನು ಹೇಳುತ್ತಾನೆ. ಅದನ್ನೆಲ್ಲ ವ್ಯರ್ಥವೆಂದು ತಳ್ಳುವುದು ಸಾಕ್ಷಿಯ ಬಾಯನ್ನು ಮುಚ್ಚಿ ತೀರ್ಪು ಕೊಟ್ಟಂತಾಗುವುದು. ಅಲ್ಲದೆ, 1940ರ ದಶಕದಿಂದೀಚೆಗೆ ಹೊಸದಾಗಿ ಬೆಳೆಯುತ್ತಿದ್ದ ಒಂದು ಶಾಸ್ತ್ರದಲ್ಲಿ ಐರೀನ್ ಕಾಲಿಸ್ ಅವರು ಅಂದಿನ ತಿಳಿವಳಿಕೆಗೆ ಅನುಸಾರವಾಗಿಯೇ ನಡೆದರೆಂಬುದನ್ನೂ ಮರೆಯತಕ್ಕದ್ದಲ್ಲ.

ಹಾಗಾದರೆ ಸಿದ್ಧಾಂತವೇನು? ಮೀಮಾಂಸಕರ ಪ್ರತಿನಿಧಿವಿಚಾರವು ಇಲ್ಲಿ ದಾರಿಯನ್ನು ತೋರಿಸುವುದು. ವಿಹಿತವಾದ ದ್ರವ್ಯವು ದೊರೆಯದಿದ್ದರೆ ನಿತ್ಯಕರ್ಮವನ್ನು ಬಿಡಕೂಡದು. ಅದಕ್ಕೆ ಸದೃಶವಾದ ಇನ್ನೊಂದನ್ನು ಹಿಡಿದು ಕರ್ಮವನ್ನು ನಡೆಸಬೇಕು. ಸೋಮಲತೆಯು ಇಲ್ಲದೆಡೆಯಲ್ಲಿ ಪೂತೀಕವನ್ನು ಉಪಯೋಗಿಸುವರು. ಪೂತೀಕವು ಸೋಮವಲ್ಲವೆಂಬುದು ಯಜಮಾನನಿಗೆ ಗೊತ್ತು. ಸೋಮವು ದೊರೆತರೆ ಅದನ್ನೇ ಕೊಳ್ಳುವನು. ಆದರೆ ಸೋಮವು ದೊರೆಯುವವರೆಗೆ ಯಾಗವನ್ನು ನಿಲ್ಲಿಸುವುದಿಲ್ಲ. ಬ್ರೌನನಿಗೆ ಬರೆಹವೂ ಚಿತ್ರವೂ ನಿತ್ಯಕರ್ಮಗಳು. ಮನಸ್ಸು ಹೊರಗೆ ಬರುವುದಕ್ಕೆ ಅವನಿಗೆ ಬೇರೆ ಬಾಗಿಲಿರಲಿಲ್ಲ. ಕೈಯು ಮುಖ್ಯ, ಎಡಗಾಲು ಪ್ರತಿನಿಧಿ. ಮುಖ್ಯವನ್ನು ಅರಸಬೇಕೆಂದು ಲಂಡನ್ನಿನ ಚಿಕಿತ್ಸಕರು ಹೇಳಿದುದು ಯುಕ್ತವೇ. ಅರಸುವುದಕ್ಕಾಗಿ ಪ್ರತಿನಿಧಿಯನ್ನು ಎಸೆದು ಕರ್ಮವನ್ನೇ ನಿಲ್ಲಿಸಬೇಕೆಂದುದು ಅಯುಕ್ತ. ಮುಖ್ಯಕ್ಕೂ ಪ್ರತಿನಿಧಿಗೂ ವೈರವನ್ನು ಕಲ್ಪಿಸಿದುದೇ ಆ ವಿಧಿಯ ದೋಷ. ದಿನದ ಕೆಲವು ಗಂಟೆಗಳನ್ನು ಕೈಗಳ ಸಾಧನೆಗೂ ಉಳಿದುದನ್ನು ಕಾಲಿನ ಬರೆಹಕ್ಕೂ ಹಂಚಿದ್ದರೆ ಎರಡು ಪ್ರಯೋಜನಗಳೂ ಪರಸ್ಪರ ಬಾಧಿಸದೆ ಸಲ್ಲುತ್ತಿದ್ದುವು.

ಈ ನ್ಯಾಯದ ಇನ್ನೊಂದು ಅಂಶವು ಗ್ರಂಥದ ಸಾಹಿತ್ಯವಿಚಾರಕ್ಕೆ ನೇರವಾಗಿ ಸಂಬಂಧಿಸಿದೆ. ಪ್ರತಿನಿಧಿಯೂ ನಷ್ಟವಾದರೆ ಎರಡನೆಯ ಪ್ರತಿನಿಧಿಯು ಮೊದಲನೆಯ ಪ್ರತಿನಿಧಿಯನ್ನು ಹೋಲದೆ ಮುಖ್ಯವನ್ನು ಹೋಲಬೇಕೆಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಎಡಗಾಲನ್ನು ತ್ಯಜಿಸಿದ ಬ್ರೌನನು ಮಾಡಿದುದು ಇದನ್ನೇ. ತಮ್ಮಂದಿರಲ್ಲೊಬ್ಬನನ್ನು ಕೂಡಿಸಿಕೊಂಡು, ತಾನು ಹೇಳುತ್ತ ಅವನಿಂದ ಆತ್ಮಚರಿತ್ರೆಯನ್ನು ಬರೆಯಿಸತೊಡಗಿದನು. ತಮ್ಮನ ಕೈ ನಿಜವಾಗಿಯೂ ಕೈಯೇ. ಆಕಾರದಲ್ಲಿ ಮುಖ್ಯಕ್ಕೆ ಅದಕ್ಕಿಂತ ಹತ್ತಿರವಾದುದು ಇನ್ನೊಂದಿಲ್ಲ. ಆದರೂ ಬರೆಹವು ಸಾಗಲಿಲ್ಲ. ಏಕೆ? ವ್ಯಾಕರಣಶಾಸ್ತ್ರದಲ್ಲಿ ಕ್ರಿಯೆಗೆ ಸ್ವತಂತ್ರನಾದವನು ಕರ್ತೃ; ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದು ಕರಣ. ಕರಣವು ಕರ್ತೃವಿನ ಅಧೀನವಾಗಿರಬೇಕು. ತಮ್ಮನ ಕೈಯು ತಮ್ಮನ ಅಧೀನ. ಅಣ್ಣನ ಅಸ್ಪಷ್ಟವಾದ ನುಡಿಯು ಅದನ್ನು ಮುಟ್ಟುವಷ್ಟರಲ್ಲಿ ವಾಕ್ಯದ ಉಸಿರು ನಿಂತಿರುತ್ತಿದ್ದಿತು. ಸಾದೃಶ್ಯವಿದ್ದೂ ಸ್ವಾಧೀನತೆಯಿಲ್ಲದ ಕರಣದಿಂದ ಕ್ರಿಯೆಯು ಸಿದ್ಧಿಸಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಾಗಿಲ್ಲ.

ಆ ಮೊದಲ ಪ್ರತಿಯ ಶೈಲಿಯು ಹೇಗಿತ್ತೆಂಬುದನ್ನು ಬ್ರೌನನು ಮುಚ್ಚಿಡುವುದಿಲ್ಲ. ಡಿಕನ್ಸನ ಕಾದಂಬರಿಗಳನ್ನು ಓದಿ ಓದಿ, ಉದ್ದುದ್ದವಾದ ಪದಗಳನ್ನೂ ಹಳಸಿದ ಅಲಂಕಾರಗಳನ್ನೂ ಪೇರಿಸಿದ್ದನು. ಅದನ್ನು ಓದಿದ ರಾಬರ್ಟ್ ಕಾಲಿಸ್ ಅವರು ದಾಕ್ಷಿಣ್ಯವಿಲ್ಲದೆ ತೆಗಳಿದರು. ಜೊತೆಗೆ ಆ ರಾಶಿಯಲ್ಲಿ ಹುದುಗಿದ್ದ ನಿಜವಾದ ಮಾತನ್ನು ಆಯ್ದು ತೋರಿಸಿ, ಬರೆಯಬಲ್ಲವನೆಂಬ ಭರವಸೆಯನ್ನೂ ಕೊಟ್ಟರು. ಸ್ವತಃ ಗ್ರಂಥಕರ್ತರೂ ಆಗಿದ್ದ ಆ ವೈದ್ಯರು ಇಲ್ಲಿ ಗುರುಸ್ಥಾನದಲ್ಲಿ ನಿಂತರು. ಗ್ರಂಥದಲ್ಲಿ ದೇಹದ ಚಿಕಿತ್ಸೆಯೂ ಭಾಷೆಯ ಚಿಕಿತ್ಸೆಯೂ ಜೊತೆಜೊತೆಯಾಗಿ ನಡೆಯುವುದನ್ನು ವಿಮರ್ಶಕರು ಗಮನಿಸತಕ್ಕದ್ದು. ಸ್ನಾಯುವಿಗೆ ಬಿಗಿತವೆಂತೋ ವಾಕ್ಯಕ್ಕೆ ಆಡಂಬರವೂ ಅಂತೆಯೇ. ಎರಡರಲ್ಲಿಯೂ ಶಕ್ತಿಯು ವ್ಯಯವಾಗುವುದೇ ಹೊರತು ಕಾರ್ಯವು ಮುಂದೆ ಸಾಗುವುದಿಲ್ಲ. ಎರಡಕ್ಕೂ ಔಷಧವು ಸಡಿಲಗೊಳ್ಳುವುದು. ಆದರೆ ಭಾಷೆಯ ಚಿಕಿತ್ಸೆಯಲ್ಲಿ ಕಾಲಿಸರು ಶಿಷ್ಯನ ಸ್ವಂತ ನುಡಿಯನ್ನು ಕಟ್ಟಿಹಾಕಲಿಲ್ಲ. ಎರವಲು ನುಡಿಯನ್ನು ಕಳಚಿ ಸ್ವಂತ ನುಡಿಯನ್ನು ಬಿಚ್ಚಿದರು. ದೇಹದ ಚಿಕಿತ್ಸೆಯಲ್ಲಿ ಕಟ್ಟಲ್ಪಟ್ಟುದೇ ಸ್ವಂತವಾದ ಅಂಗ. ಗ್ರಂಥದ ಗೂಢವಾದ ವಿಪರ್ಯಾಸವು ಇಲ್ಲಿದೆ.

ಈ ವಿಪರ್ಯಾಸವು ಬಹುಕಾಲ ನಿಲ್ಲಲಾರದು. ಹೇಳಿ ಬರೆಯಿಸುವ ಶ್ರಮವು ಮಿತಿಮೀರಿದ ಒಂದು ಸಮಯದಲ್ಲಿ ಬ್ರೌನನು ಎಡಗಾಲಿನ ಜೋಡನ್ನೂ ಕಾಲುಚೀಲವನ್ನೂ ಕಿತ್ತೆಸೆದು, ಬೆರಳುಗಳ ನಡುವೆ ಪೆನ್ಸಿಲನ್ನು ಸಿಕ್ಕಿಸಿಕೊಂಡು ತಾನೇ ಬರೆಯುವನು. ಐದನೆಯ ವಯಸ್ಸಿನ ಬಳಪದ ಪ್ರಸಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸವು ಸೂಕ್ಷ್ಮವಾದುದು. ಆಗ ಕಾಲು ತನಗೆ ತಾನೇ ಚಾಚಿತು. ಈಗ ಕರ್ತೃವು ಎಲ್ಲವನ್ನೂ ತಿಳಿದು, ನಷ್ಟವನ್ನು ತೂಗಿ, ಕಾಲನ್ನು ಚಾಚಿಸಿದನು. ಮೊದಲನೆಯದರಲ್ಲಿ ಎಡಗಾಲು ದೈವವಶದಿಂದ ದೊರೆತ ಕರಣ. ಎರಡನೆಯದರಲ್ಲಿ ಅದು ವರಿಸಲ್ಪಟ್ಟ ಕರಣ. ಗ್ರಂಥದ ಹೆಸರಿನಲ್ಲಿರುವ ‘ನನ್ನ’ ಎಂಬ ಪದವು ಸಾರ್ಥಕವಾಗುವುದು ಇಲ್ಲಿಯೇ. ‘ಎಡಗಾಲು’ ಎಂಬುದನ್ನು ಮಾತ್ರ ಓದಿದವರು ಆಶ್ಚರ್ಯಪಡುವರು. ‘ನನ್ನ’ ಎಂಬುದನ್ನೂ ಓದಿದವರು ಸ್ವಾತಂತ್ರ್ಯವನ್ನು ಕಾಣುವರು.

ಇದರಿಂದ ರಸನಿರ್ಣಯವೂ ಸುಲಭವಾಗುವುದು. ಸಾಮಾನ್ಯವಾಗಿ ಇಂತಹ ಗ್ರಂಥಗಳನ್ನು ಕರುಣರಸಪ್ರಧಾನವೆಂದು ಎಣಿಸುವರು. ಬ್ರೌನನೋ ಒಂದು ಪ್ರಕರಣಕ್ಕೆ ‘ಅನುಕಂಪದ ನೋಟ’ವೆಂದೂ ಇನ್ನೊಂದಕ್ಕೆ ‘ಅಭಿಮಾನ, ಅನುಕಂಪವಲ್ಲ’ವೆಂದೂ ಹೆಸರಿಟ್ಟು, ಆ ಎಣಿಕೆಯನ್ನು ತಾನೇ ನಿರಾಕರಿಸುತ್ತಾನೆ. ತನ್ನನ್ನು ಮೆಚ್ಚಿಕೊಂಡಳೆಂದು ನಂಬಿದ್ದ ಬಾಲಿಕೆಯೊಬ್ಬಳ ಕಣ್ಣಿನಲ್ಲಿ ಕನಿಕರವನ್ನು ಕಂಡು ಕುಸಿದ ಪ್ರಸಂಗದಲ್ಲಿ ಶೋಕವಿದೆ; ಆದರೆ ಅದು ಬಂದು ಹೋಗುವ ಭಾವ. ಮೊದಲಿಂದ ಕೊನೆಯವರೆಗೆ ನಿಲ್ಲುವುದು ಉತ್ಸಾಹ. ಕೊನೆಯ ಪ್ರಕರಣದಲ್ಲಿ ಬರ್ಲ್ ಐವ್ಸ್ ಎಂಬ ಗಾಯಕನ ಸಂಗೀತಸಭೆಯಲ್ಲಿ ಕಾಲಿಸರು ಗ್ರಂಥದ ಮೊದಲನೆಯ ಪ್ರಕರಣವನ್ನು ಜನರಿಗೆ ಓದಿ ಹೇಳುವರು. ಇಲ್ಲಿಯೂ ಪ್ರತಿನಿಧಿಯೇ: ಬ್ರೌನನ ವಾಕ್ಕಿಗೆ ಕಾಲಿಸರ ವಾಕ್ಕು. ಆದರೆ ಬರೆದು ಮುಗಿದ ಮಾತಿಗೆ ಧ್ವನಿಯನ್ನು ಎರವಲು ಕೊಡುವುದು ಬೇರೆ. ಹುಟ್ಟುತ್ತಿರುವ ಮಾತಿಗೆ ಕೈಯನ್ನು ಎರವಲು ಕೊಡುವುದು ಬೇರೆ. ಆದುದರಿಂದಲೇ ತಮ್ಮನ ಕೈಯಲ್ಲಿ ಸಾಗದುದು ವೈದ್ಯರ ಕಂಠದಲ್ಲಿ ಸಾಗಿತು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಕೊನೆಯ ಪ್ರಕರಣದ ಕೆಂಪು ಗುಲಾಬಿಗಳೂ, ಹಿತೈಷಿಣಿಯಾದ ಕಟ್ರಿಯೋನಾ ಡೆಲಹಂಟಳ ಅತಿಶಯವಾದ ವರ್ಣನೆಯೂ ಭಾವುಕತೆಯ ಕಡೆಗೆ ವಾಲುವುವು. ಗ್ರಂಥಕರ್ತನೇ ಪ್ರೌಢನಾದ ಮೇಲೆ ಈ ಕಾರಣದಿಂದ ತನ್ನ ಮೊದಲ ಕೃತಿಯಲ್ಲಿ ಅನಾದರವನ್ನು ತೋರಿದನೆಂದು ಪ್ರಸಿದ್ಧಿಯಿದೆ. ಇದಕ್ಕಿಂತ ಗುರುತರವಾದ ನ್ಯೂನತೆಯು ಇನ್ನೊಂದುಂಟು: ವಿಧಿಯನ್ನು ಮೀರಿದ ಪ್ರಸಂಗವನ್ನು ಬ್ರೌನನು ಆವೇಶದ ಚಿತ್ರವಾಗಿ ಬರೆದನೇ ಹೊರತು, ಅದರ ನ್ಯಾಯವನ್ನು ವಿಚಾರಿಸಿ ಬರೆಯಲಿಲ್ಲ. ಉಪಕಾರ ಮಾಡಿದವರ ಮಾತನ್ನು ಅಲ್ಲಗಳೆಯುವ ಸಂಕೋಚವು ಅಲ್ಲಿ ಅವನ ಲೇಖನ ಸ್ವಾತಂತ್ರ್ಯವನ್ನು ತಡೆದಂತೆ ತೋರುವುದು. ಓದುಗನು ಆ ವಿಚಾರವನ್ನು ತಾನೇ ಪೂರ್ತಿಮಾಡಿಕೊಳ್ಳಬೇಕಾಗಿದೆ.

ಆ ವಿಚಾರವನ್ನು ಚಿಕಿತ್ಸಾಶಾಸ್ತ್ರವೂ ತನ್ನದೇ ಮಾರ್ಗದಿಂದ ಪೂರ್ತಿಮಾಡುತ್ತ ಬಂದಿದೆ. ಕೈಯನ್ನು ಕಟ್ಟುವ ಕ್ರಮದ ಪಕ್ಕದಲ್ಲಿ ಎರಡು ಕೈಗಳನ್ನೂ ಒಟ್ಟಾಗಿ ದುಡಿಸುವ ಕ್ರಮವೊಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಗೋರ್ಡನ್ ಮತ್ತು ಅವರ ಸಹಚರರಿಂದ ರೂಪುಗೊಂಡಿತು. ಡಬ್ಬಿಯನ್ನು ಒಂದು ಕೈ ಹಿಡಿದರೆ ಮುಚ್ಚಳವನ್ನು ಇನ್ನೊಂದು ತಿರುಗಿಸುವುದು. ಕುಂದಿದ ಕೈಗೆ ಸಹಾಯಕನ ಕೆಲಸವಾದರೂ ಅದು ನಿಜವಾದ ಕೆಲಸ. ಅಭ್ಯಾಸದ ಗಂಟೆಗಳು ಸಮನಾಗಿದ್ದರೆ ಎರಡು ಕ್ರಮಗಳ ಫಲವೂ ಬಹುಮಟ್ಟಿಗೆ ಸಮನೆಂದು ಕಂಡುಬಂದಿದೆ. ಎಂದರೆ ಫಲಕ್ಕೆ ಕಾರಣವಾದುದು ಬಂಧನವಲ್ಲ, ಅಭ್ಯಾಸವೆಂದಾಯಿತು. 2006ರಲ್ಲಿ ಸ್ವೀಡನ್ನಿನ ಆನ್-ಕ್ರಿಸ್ಟಿನ್ ಎಲಿಯಾಸನ್ ಮತ್ತು ಸಂಗಡಿಗರು ಮಕ್ಕಳ ಕೈಗಾರಿಕೆಯನ್ನು ಐದು ಮಟ್ಟಗಳಾಗಿ ವಿಂಗಡಿಸಿದರು. ಕೈಯ ಆಕಾರವಾಗಲಿ, ಪರೀಕ್ಷೆಯಲ್ಲೊಮ್ಮೆ ತೋರಿದ ಸಾಮರ್ಥ್ಯವಾಗಲಿ ಅಲ್ಲಿ ಅಳತೆಯಲ್ಲ. ನಿತ್ಯಜೀವನದಲ್ಲಿ ಮಗು ವಸ್ತುಗಳನ್ನು ಹೇಗೆ ಹಿಡಿದು ಬಳಸುವುದೆಂಬುದೇ ಅಳತೆ. ಅವಯವವನ್ನು ಬಿಟ್ಟು ಆದಾನವ್ಯಾಪಾರವನ್ನು ಅಳೆಯುವ ಈ ದೃಷ್ಟಿಯು ಸಾಂಖ್ಯರಿಗೆ ಅಪರಿಚಿತವಲ್ಲ. 2013ರಲ್ಲಿ ಆಸ್ಟ್ರೇಲಿಯದ ಐಯೋನಾ ನೊವಾಕ್ ಮತ್ತು ಸಂಗಡಿಗರು ಈ ವ್ಯಾಧಿಯ ಚಿಕಿತ್ಸೆಗಳೆಲ್ಲವನ್ನೂ ಪರಾಮರ್ಶಿಸಿ, ಮಗುವು ಸ್ವತಃ ಮಾಡುವ, ತನಗೆ ಬೇಕಾದ ಕಾರ್ಯವನ್ನೇ ಗುರಿಯಾಗಿಟ್ಟುಕೊಂಡ ಅಭ್ಯಾಸಗಳನ್ನು ಎತ್ತಿಹಿಡಿದರು. ಚಿಕಿತ್ಸಕನು ತನ್ನ ಕೈಯಿಂದ ಮಗುವಿನ ಅಂಗಗಳನ್ನು ನಡೆಸಿ ಸಹಜವಾದ ಚಲನೆಯನ್ನು ತರಲೆಳಸುವ ಕ್ರಮಕ್ಕೆ ಆಧಾರವು ಸಾಲದೆಂದು ತಿಳಿಸಿದರು. ಕರ್ತೃವು ಸ್ವತಂತ್ರನಾಗಿರಬೇಕೆಂಬುದನ್ನು ವೈಯಾಕರಣರು ಕ್ರಿಯಾಪದದಲ್ಲಿ ಕಂಡರೆ, ಇವರು ಮಗುವಿನ ಕೈಯಲ್ಲಿ ಕಂಡರು.

ಭಾರತದಲ್ಲಿಯೂ ಈ ವಿಚಾರಕ್ಕೆ ಸಂಬಂಧಿಸಿದ ಗ್ರಂಥವುಂಟು. ಮಗಳಿಗೆ ಈ ವ್ಯಾಧಿಯಿದ್ದ ಕಾರಣ ಮಿಥು ಆಳೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ಮಗಳು ಮಾಲಿನಿ ಛಿಬ್ ಅವರು ಬೆರಳೊಂದರಿಂದಲೇ ಟೈಪು ಮಾಡಿ ಬರೆದ ಆತ್ಮಚರಿತ್ರೆಗೆ ‘ಒನ್ ಲಿಟ್ಲ್ ಫಿಂಗರ್’, ಎಂದರೆ ‘ಒಂದು ಪುಟ್ಟ ಬೆರಳು’, ಎಂದು ಹೆಸರು. ಎರಡು ಗ್ರಂಥಗಳೂ ಕರಣದ ಹೆಸರನ್ನೇ ಹೊತ್ತಿರುವುದು ಆಕಸ್ಮಿಕವಲ್ಲ. ಕರಣಗಳು ಹಲವಿರುವವನು ಅವುಗಳನ್ನು ಗಣಿಸುವುದಿಲ್ಲ. ಒಂದೇ ಇರುವವನು ಅದಕ್ಕೆ ಗ್ರಂಥವನ್ನು ಅರ್ಪಿಸುವನು. ಉಪಾಧ್ಯಾಯರು ಇವೆರಡನ್ನೂ ಜೊತೆಗಿಟ್ಟು ಪಾಠ ಹೇಳಿದರೆ, ವಿದ್ಯಾರ್ಥಿಗಳಿಗೆ ಕನಿಕರವನ್ನು ಬಿಟ್ಟು ವಿಚಾರವನ್ನು ಕಲಿಸಿದಂತಾಗುವುದು.

ಶಸ್ತ್ರಕರ್ಮದ ನೂರೊಂದು ಯಂತ್ರಗಳನ್ನು ಹೇಳುವ ಸುಶ್ರುತನು ಅವೆಲ್ಲದರಲ್ಲಿ ಕೈಯೇ ಪ್ರಧಾನವಾದ ಯಂತ್ರವೆಂದನು. ಯಂತ್ರಗಳನ್ನು ನಡೆಸುವುದಕ್ಕೆ ಕೈಯೇ ಬೇಕೆಂಬುದು ಅವನು ಕೊಟ್ಟ ಕಾರಣ. ಕೈಯ ಪ್ರಾಧಾನ್ಯವೂ ಅದು ನಡೆಸುವ ಕಾರ್ಯದಿಂದಲೇ ಬಂದುದೆಂದಾಯಿತು. ಕನ್ನಡ ನುಡಿಯು ಈ ಅರ್ಥವನ್ನು ಮೊದಲಿನಿಂದಲೂ ಬಲ್ಲುದು. ‘ಕೈಗೂಡಿತು’ ಎಂದರೆ ಕೈಯು ನೆಟ್ಟಗಾಯಿತೆಂದು ಯಾರೂ ತಿಳಿಯರು. ಕಾರ್ಯವು ಸಿದ್ಧಿಸಿತೆಂದೇ ತಿಳಿಯುವರು. ಕೈಗಳ ಚಿಕಿತ್ಸೆಯು ಗುರಿಯಾಗಿಟ್ಟುಕೊಳ್ಳತಕ್ಕದ್ದು ಆ ಕೈಗೂಡುವಿಕೆಯನ್ನು. ಕೈಯು ಚಾಚುವಂತಾದರೆ ಉತ್ತಮ. ಅದಕ್ಕಾಗಿ ಬಿಡದೆ ಶ್ರಮಿಸತಕ್ಕದ್ದು. ಆದರೆ ಅದು ಚಾಚುವವರೆಗೆ ಬೆರಳಿನಿಂದಾಗಲಿ ಕಾಲಿನಿಂದಾಗಲಿ ಕಾರ್ಯವು ಕೈಗೂಡುತ್ತಿದ್ದರೆ ಅದನ್ನು ತಡೆಯುವ ಅಧಿಕಾರವು ಕರ್ತೃವಿಗೆ ಹೊರತು ಮತ್ತಾರಿಗೂ ಇಲ್ಲ. ಬ್ರೌನನ ಗ್ರಂಥವು ಇಷ್ಟನ್ನು ಸ್ಥಾಪಿಸಿದೆ. ಅದನ್ನು ಬರೆದುದು ಎಡಗಾಲೆಂಬುದೇ ಅದಕ್ಕೆ ಪ್ರಮಾಣ.